ಶನಿವಾರ ಮಕ್ಕಳನ್ನು ಮಲ್ಪೆ ಬಂದರಿನ ಧಕ್ಕೆಗೆ ಕರೆದೊಯ್ಯುವ ಬಗ್ಗೆ

ಪೋಷಕ ಬಂಧುಗಳಿಗೆ ನಮಸ್ಕಾರ.

ಬರುವ ಶನಿವಾರ ಬೆಳಿಗ್ಗೆ 8ರಿಂದ 10.30ರವರೆಗೆ ಒಂಬತ್ತನೇ ತರಗತಿಯ ಮಕ್ಕಳನ್ನು ಮಲ್ಪೆ ಧಕ್ಕೆಗೂ ಪಡುಕೆರೆ ಕಡಲ ದಂಡೆಗೂ ಕರೆದೊಯ್ಯುತ್ತೇವೆ. ಎರಡೂ ಕಡೆಯ ನೀರಿನಿಂದ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಸೋಸಿ ತಂದು ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡುವ ಕೆಲಸವಿದೆ. "ನೀರು ಪರೀಕ್ಷಿಸಲು ಲ್ಯಾಬುಗಳಿವೆಯಲ್ಲ, ಕಣ್ಣಿಗೆ ಕಾಣದ್ದನ್ನು ಎಣಿಸಿ ಏನಾಗಬೇಕು ಟೀಚರ್?" ಎಂದು ಸಭೆಯಲ್ಲಿ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ.

ಬಾಟಲಿಯಲ್ಲಿ ಹಿಡಿದ ನೀರಿನ ರಾಸಾಯನಿಕ ಪರೀಕ್ಷೆ ಆ ಹೊತ್ತಿನ ಸುದ್ದಿಯನ್ನಷ್ಟೇ ಹೇಳುತ್ತದೆ. ರಾತ್ರಿ ಬಂದು ಸೇರಿದ ಕೊಳಚೆ ಬೆಳಗಿನ ಇಳಿತಕ್ಕೆ ಕೊಚ್ಚಿಹೋಗಿದ್ದರೆ ಪರೀಕ್ಷೆಗೆ ಅದು ಸಿಗುವುದೇ ಇಲ್ಲ. ಡಯಾಟಮ್ ಎಂಬ ಒಂದೇ ಕೋಶದ ಪಾಚಿಯಂಥ ಸಸ್ಯಪ್ಲಾಂಕ್ಟನ್ ಹಾಗಲ್ಲ. ಅನುಕೂಲವಾದರೆ ಒಂದೆರಡು ದಿನದಲ್ಲಿ ಇಮ್ಮಡಿಯಾಗುತ್ತದೆ. ಕೊಳಚೆಯ ಸಾರಜನಕ, ರಂಜಕ ತಿಂದು ಕೆಲವೇ ಜಾತಿಗಳು ಕೊಬ್ಬಿ, ಉಳಿದವು ಹಿಂದೆ ಸರಿಯುತ್ತವೆ. ಸರಪಳಿಯಂತೆ ಕಾಣುವ ಸ್ಕೆಲಿಟೋನೆಮಾ ಹಾಗೆ ಕೊಬ್ಬುವ ಡಯಾಟಮ್‌ಗಳಲ್ಲೊಂದು. ಹಾಗಾಗಿ ಮಕ್ಕಳು ಒಟ್ಟು ಎಷ್ಟಿವೆ ಎನ್ನುವುದಕ್ಕಿಂತ ಎಷ್ಟು ಬಗೆಯವು ಇವೆ ಎಂಬುದನ್ನೇ ಹೆಚ್ಚಾಗಿ ಬರೆದುಕೊಳ್ಳುತ್ತಾರೆ.

ಮೀನು ಮಾರುವ ತಾಯಂದಿರ ಚಿಂತೆ ಬೇರೆ: "ಮಕ್ಕಳು ಕಡಲು ಕೆಟ್ಟಿದೆ ಎಂದು ಬರೆದರೆ ನಮ್ಮ ಮೀನು ಯಾರು ಕೊಳ್ಳುತ್ತಾರೆ?" ಒಂದು ಶನಿವಾರದ ನೀರಿನಿಂದ ಅಂಥ ಮಾತು ಹೇಳಲು ಬರುವುದಿಲ್ಲ, ನಾವು ಹೇಳುವುದೂ ಇಲ್ಲ. ಮಳೆಗಾಲದಲ್ಲಿ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬಂದಾಗ ಕಡಲು ತಾನಾಗಿಯೇ ಹಸಿರಾಗುತ್ತದೆ; ಬೂತಾಯಿ ಮೀನು ಮೈತುಂಬಿಕೊಳ್ಳುವುದು ಅದರಿಂದಲೇ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹೆಚ್ಚಿದರೆ ಬೂತಾಯಿಯೂ ಹೆಚ್ಚು ಎಂದು ನಮ್ಮ ಮೀನುಗಾರಿಕೆ ವಿಜ್ಞಾನಿಗಳು 1950ರ ದಶಕದಲ್ಲೇ ಬರೆದಿದ್ದಾರೆ. ಬೇಸಿಗೆಯಲ್ಲಿ ಮರದ ಹೊಟ್ಟಿನಂತೆ ತೇಲಿಬರುವ ಟ್ರೈಕೊಡೆಸ್ಮಿಯಮ್ ಎಂಬ ಪ್ಲಾಂಕ್ಟನ್ ಕೂಡ ಈ ಕರಾವಳಿಗೆ ಹೊಸದಲ್ಲ. 2020ರ ನವೆಂಬರಿನಲ್ಲಿ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದಾಗ ನೀವೆಲ್ಲ ಮಟ್ಟು ಕಡಲ ದಂಡೆಗೆ ಹೋಗಿ ನೋಡಿದ್ದಿರಿ; ಅದು ನಾಕ್ಟಿಲ್ಯೂಕಾ ಎಂಬ ಹೊಳೆಯುವ ಪ್ಲಾಂಕ್ಟನ್‌ನ ಕೆಲಸ. ಯಾವ ಋತುವಿನಲ್ಲಿ ಯಾವುದು ಸಹಜ ಎಂದು ತಿಳಿಯದೆ ಅಸಹಜವನ್ನು ಗುರುತಿಸುವುದು ಹೇಗೆ? ಅದಕ್ಕೇ ತಿಂಗಳಿಗೊಮ್ಮೆ, ಮಾರ್ಚ್‌ವರೆಗೆ, ಅದೇ ಎರಡು ಜಾಗಗಳಿಗೆ ಹೋಗುತ್ತೇವೆ. ಪರೀಕ್ಷೆ ಹತ್ತಿರ ಬಂದಾಗ ಇದೆಲ್ಲ ಬೇಕೇ ಎನ್ನುವವರಿಗೆ: ಬೇಕು ಎಂದೇ ನನ್ನ ಅಭಿಪ್ರಾಯ.

ಯಾವ ಮಗುವೂ ನೀರಿಗಾಗಲಿ ದೋಣಿಗಾಗಲಿ ಇಳಿಯುವುದಿಲ್ಲ. 20 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಣ್ಣಿನ ಬಲೆಯನ್ನು ದೈಹಿಕ ಶಿಕ್ಷಕರೂ ನಾಡದೋಣಿ ಇರುವ ಪೋಷಕರೊಬ್ಬರೂ ಎಳೆಯುತ್ತಾರೆ. ಮಾದರಿ ಕೆಡದಂತೆ ಹಾಕುವ ಅಯೋಡಿನ್ ದ್ರಾವಣ ವಿಜ್ಞಾನ ಶಿಕ್ಷಕಿಯ ಕೈಯಲ್ಲೇ ಇರುತ್ತದೆ.

ಕಡಲಿಗೆ ಹೋಗುವವರಲ್ಲಿ ಒಂದು ವಿನಂತಿ. ನೀರಿನ ಬಣ್ಣ ಅಥವಾ ವಾಸನೆ ಬದಲಾದದ್ದು ಕಂಡರೆ ದಿನ, ಜಾಗ ಎರಡನ್ನೂ ಮಕ್ಕಳಿಗೆ ಹೇಳಿ ನೋಟ್‌ಬುಕ್ಕಿನಲ್ಲಿ ಬರೆಸಿ. ನಮ್ಮ ಬಲೆ ತಲುಪದ ಕಡೆಯ ಸುದ್ದಿ ನಿಮ್ಮಿಂದಲೇ ಸಿಗಬೇಕು.

ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಗುರುವಾರದೊಳಗೆ ಕಳುಹಿಸಿಕೊಡಿ. ಹಣವೇನೂ ಇಲ್ಲ. ಧಕ್ಕೆಯ ನೆಲ ಜಾರುತ್ತದೆ, ಸವೆದ ಚಪ್ಪಲಿ ಹಾಕಿ ಕಳಿಸಬೇಡಿ.

ಇಂತಿ,
ಮುಖ್ಯ ಶಿಕ್ಷಕಿ