ಹುಡುಕಿದ್ದೆಷ್ಟು?

ಮಾನ್ಯ ಸಂಪಾದಕರೇ,

ಅನ್ಯಗ್ರಹಗಳಲ್ಲಿ ಮುಂದುವರಿದ ನಾಗರಿಕತೆಗಳಿದ್ದಿದ್ದರೆ ಇಷ್ಟು ಹೊತ್ತಿಗೆ ಸುಳಿವು ಸಿಗಬೇಕಿತ್ತು, ಸಿಕ್ಕಿಲ್ಲವಾದ್ದರಿಂದ ವಿಶ್ವದಲ್ಲಿ ನಾವು ಒಂಟಿ ಎಂಬ ವಾದ ಆಗಾಗ ಕೇಳಿಬರುತ್ತದೆ. ಭೌತವಿಜ್ಞಾನಿ ಎನ್ರಿಕೊ ಫರ್ಮಿ 1950ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಸಹೋದ್ಯೋಗಿಗಳೊಡನೆ ಊಟಕ್ಕೆ ಕುಳಿತಾಗ, ಅವರೆಲ್ಲ ಎಲ್ಲಿ ಎಂದು ಕೇಳಿದ ಪ್ರಶ್ನೆಯನ್ನೇ ಈ ವಾದಕ್ಕೆ ಆಧಾರವಾಗಿ ಮುಂದಿಡುತ್ತಾರೆ. ಆದರೆ ಸಿಗಲಿಲ್ಲ ಎನ್ನುವ ಮೊದಲು ಹುಡುಕಿದ್ದೆಷ್ಟು ಎಂದು ನೋಡಬೇಕಲ್ಲವೇ?

ರೇಡಿಯೊ ದೂರದರ್ಶಕದಿಂದ ಈ ಶೋಧಕ್ಕೆ ನಾಂದಿ ಹಾಡಿದ ಫ್ರಾಂಕ್ ಡ್ರೇಕ್ 1960ರಲ್ಲಿ ಗಮನಿಸಿದ್ದು ಎರಡೇ ನಕ್ಷತ್ರಗಳನ್ನು, ಅದೂ 1420 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತ್ರ. ಅಂದಿನಿಂದ ಉಪಕರಣಗಳು ಬಹಳ ಸುಧಾರಿಸಿವೆ, ನಿಜ. ಆದರೂ ಯಾವ ದಿಕ್ಕು, ಎಷ್ಟು ದೂರ, ಯಾವ ಆವರ್ತಾಂಕ, ಎಷ್ಟು ಕ್ಷೀಣ ಸಂಕೇತ ಎಂಬುದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ ಖಗೋಳವಿಜ್ಞಾನಿ ಜೇಸನ್ ರೈಟ್ ಮತ್ತು ಸಂಗಡಿಗರು, ಹುಡುಕಬೇಕಾದ ವ್ಯಾಪ್ತಿ ಭೂಮಿಯ ಸಾಗರಗಳಷ್ಟಿದ್ದರೆ ಈವರೆಗೆ ಹುಡುಕಿರುವುದು ಚಿಕ್ಕದೊಂದು ಈಜುಕೊಳದಷ್ಟು ಎಂದು 2018ರಲ್ಲಿ ಅಂದಾಜಿಸಿದರು. ಅಷ್ಟು ನೀರಿನಲ್ಲಿ ಮೀನು ಕಾಣಲಿಲ್ಲವೆಂದು ಕಡಲೇ ಬರಿದು ಎನ್ನಲಾಗದು.

ಕಾಲದ ತೊಡಕು ಇನ್ನೂ ದೊಡ್ಡದು. ನಮ್ಮ ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ; ಅಂದರೆ ಬೆಳಕಿನ ವೇಗದಲ್ಲಿ ಸಾಗುವ ರೇಡಿಯೊ ಸಂಕೇತ ಅದನ್ನು ದಾಟಲು ಸುಮಾರು 1 ಲಕ್ಷ ವರ್ಷ ಸಾಕು. 450 ಕೋಟಿ ವರ್ಷ ವಯಸ್ಸಿನ ಈ ಭೂಮಿಯಲ್ಲಿ ರೇಡಿಯೊ ಬಳಕೆಗೆ ಬಂದು ನೂರು ವರ್ಷ ದಾಟಿದೆ, ಅಷ್ಟೇ. ಒಂದು ಕೋಟಿ ವರ್ಷಗಳ ಹಿಂದೆ ಇದೇ ಆಕಾಶಗಂಗೆಯಲ್ಲಿ ಬಾಳಿ ಅಳಿದ ನಾಗರಿಕತೆಯೊಂದು ಎಷ್ಟೇ ಪ್ರಬಲ ಸಂಕೇತ ಕಳಿಸಿದ್ದರೂ, ಅದು ನಮ್ಮನ್ನು ದಾಟಿಹೋದಾಗ ಕೇಳಿಸಿಕೊಳ್ಳಲು ಇಲ್ಲಿ ಮನುಷ್ಯನೇ ಇರಲಿಲ್ಲ. ಬುದ್ಧಿವಂತ ಜೀವಿಗಳು ನಿಜಕ್ಕೂ ವಿರಳವಿರಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ; ಭೂಮಿಯಲ್ಲೇ ಜೀವ ಸುಮಾರು 300 ಕೋಟಿ ವರ್ಷ ಬಹುಮಟ್ಟಿಗೆ ಸೂಕ್ಷ್ಮಜೀವಿಗಳ ಹಂತದಲ್ಲೇ ಉಳಿದಿತ್ತು. ಅನ್ಯಗ್ರಹದವರು ಬೇಕೆಂದೇ ಅಡಗಿ ಕುಳಿತಿದ್ದಾರೆ ಎಂಬ ಊಹೆ ಮಾತ್ರ, ಎಷ್ಟೇ ರೋಚಕವಾಗಿದ್ದರೂ, ಪರೀಕ್ಷಿಸಲು ದಾರಿಯಿಲ್ಲದ್ದರಿಂದ ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನು, ಸಿಕ್ಕ ಸಂಕೇತವನ್ನು ನಂಬುವುದೂ ಸುಲಭವಲ್ಲ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕವು 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದತ್ತ ತಿರುಗಿದ್ದಾಗ 982 ಮೆಗಾಹರ್ಟ್ಸ್‌ನಲ್ಲಿ ಸಂಕೇತವೊಂದು ದಾಖಲಾಯಿತು. ದೂರದರ್ಶಕವನ್ನು ಅತ್ತಿತ್ತ ತಿರುಗಿಸಿದಾಗ ಅದು ಕಾಣುತ್ತಿರಲಿಲ್ಲವಾದ್ದರಿಂದ ಕುತೂಹಲ ಕೆರಳಿತು. ವಿಜ್ಞಾನಿಗಳು ಅದೇ ದಾಖಲೆಗಳನ್ನು ಮತ್ತೆ ಜಾಲಾಡಿದಾಗ, ಬೇರೆ ಆವರ್ತಾಂಕಗಳಲ್ಲೂ ಅದೇ ಚಹರೆಯ ಹತ್ತಾರು ಸಂಕೇತಗಳು ಸಿಕ್ಕವು. ಅವುಗಳಲ್ಲಿ ಕೆಲವು ದೂರದರ್ಶಕ ಬೇರೆಡೆ ನೋಡುತ್ತಿದ್ದಾಗಲೂ ಇದ್ದವು. ಅದು ಮನುಷ್ಯರದೇ ಎಲೆಕ್ಟ್ರಾನಿಕ್ ಉಪಕರಣಗಳ ಗದ್ದಲ ಎಂದು 2021ರಲ್ಲಿ ಪ್ರಕಟಿಸಿದರು.

ಇಂತಹ ಸಂಕೇತ ಸಿಕ್ಕಿತೆಂಬ ಸುದ್ದಿಗೆ ಪತ್ರಿಕೆಗಳು ಕೊಡುವ ಜಾಗವನ್ನು, ತಿಂಗಳುಗಳ ನಂತರ ಬರುವ ಈ ಪರಿಶೀಲನೆಯ ಫಲಿತಾಂಶಕ್ಕೂ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ