ಅಪ್ಪನ ಕಣ್ಣಿನ ಆಪರೇಶನ್ ಮುಂದೆ ಹಾಕ್ಬೇಡಿ

ದುಬೈ

ಅಮ್ಮಾ,

ನಮಸ್ಕಾರ. ನಾನು ಆರಾಮ, ನೀವೂ ಆರಾಮ ಅಂತ ಭಾವಿಸ್ತೇನೆ.

ಪುಟ್ಟಿ ನಿನ್ನ ಕಾಗದದ ಫೋಟೋ ಕಳಿಸಿದ್ಲು, ಓದಿದ ಮೇಲೆ ಬೇರೇನೂ ತಲೆಗೆ ಹೋಗ್ತಾ ಇಲ್ಲ. ಅಪ್ಪನಿಗೆ ಪೊರೆ ಬಂದು ಪೇಟೆಯಲ್ಲಿ ಎದುರು ಬಂದವರ ಗುರ್ತ ಸಿಕ್ಕುದಿಲ್ಲ, ಆದ್ರೂ ಮಗ ಅಲ್ಲಿ ಹೊಟ್ಟೆಬಟ್ಟೆ ಕಟ್ಟಿ ದುಡಿಯುವಾಗ ಅವನ ದುಡ್ಡು ನನ್ನ ಕಣ್ಣಿಗೆ ಬೇಡ ಅಂತ ಕೂತಿದ್ದಾರಂತೆ. ಪೆರ್ಲದ ಮಾವ ನನ್ನ ರೂಮಿನ ಫೋಟೋ ನೋಡಿ ಏನೋ ಹೇಳಿರ್ಬೇಕು.

ಮಂಚದ ಮೇಲೆ ಮಂಚ ಇರುದು ಹೌದು. ಇಲ್ಲಿ ನಮ್ಮ ಸಂಬಳದವರು ತುಂಬ ಜನ ಬೆಡ್‌ಸ್ಪೇಸಲ್ಲೇ ಇರುದು, ಅಂದ್ರೆ ರೂಮಲ್ಲಿ ಒಂದು ಮಂಚ ಮಾತ್ರ ಬಾಡಿಗೆಗೆ, ಒಬ್ಬನೇ ಫ್ಲ್ಯಾಟ್ ಹಿಡಿದ್ರೆ ಊರಿಗೆ ಕಳಿಸ್ಲಿಕ್ಕೆ ಉಳಿಯುದಿಲ್ಲ. ನಂದು ಕಿಟಕಿ ಬದಿಯ ಮಂಚ, ಬೆಳಿಗ್ಗೆ ಒಳ್ಳೆ ಬೆಳಕು ಬರ್ತದೆ. ರಜೆ ದಿನ ಕುಚ್ಚಲಕ್ಕಿ ಗಂಜಿ, ನಿನ್ನ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಪಕ್ಕದ ಮಂಚದ ಕಣ್ಣೂರಿನವ ಚಮ್ಮಂದಿ ಚಟ್ನಿ ಅರೀತಾನೆ, ಎಲ್ರೂ ನೆಲದಲ್ಲಿ ಪೇಪರ್ ಹಾಸಿ ಊಟ ಮಾಡುದು. ಸತ್ಯ ಹೇಳ್ತೇನೆ, ಆ ಊಟಕ್ಕಿಂತ ಹೆಚ್ಚಿನದ್ದು ನಂಗೆ ಬೇಕು ಅಂತಲೇ ಅನಿಸ್ಲಿಲ್ಲ.

ಸಂಜೆ ಇಲ್ಲಿನ ದೇರಾ ಪೇಟೆಯಿಂದ ಕಡಲ ಹಿನ್ನೀರು ದಾಟ್ಲಿಕ್ಕೆ ಅಬ್ರಾ ಹತ್ತುದು. ಮರದ ದೋಣಿ, 1 ದಿರ್ಹಂ, ನಮ್ಮ 20 ಚಿಲ್ಲರೆ ರೂಪಾಯಿ ಅಷ್ಟೆ. ಚಳಿಗಾಲದಲ್ಲಿ ಕಡಲಹಕ್ಕಿಗಳು ದೋಣಿ ಜೊತೆಗೇ ಹಾರ್ತವೆ. ಆಚೆ ದಡದಲ್ಲಿ ಹಳೇ ಮನೆಗಳುಂಟು, ಕರೆಂಟಿಲ್ಲದ ಕಾಲದಲ್ಲಿ ಮಾಡಿನ ಮೇಲೆ ಗೋಪುರದ ಹಾಗೆ ಕಟ್ಟಿ ಗಾಳಿ ಹಿಡಿದು ಕೆಳಗಿನ ಕೋಣೆಗೆ ಇಳಿಸ್ತಿದ್ರು, ಅಪ್ಪ ನೋಡಿದ್ರೆ ಅರ್ಧ ದಿನ ಅಲ್ಲೇ ನಿಲ್ತಿದ್ರು! ಮೆಟ್ರೋದಲ್ಲಿ ಏನಾದ್ರೂ ತಿಂದ್ರೆ 100 ದಿರ್ಹಂ ದಂಡ, ಅದಕ್ಕೇ ಅಷ್ಟು ಕ್ಲೀನ್. ಬಿಸಿಲಿನ ಚಿಂತೆಯೂ ಬೇಡ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಹೊರಗೆ ಬಿಸಿಲಲ್ಲಿ ಕೆಲಸ ಮಾಡಿಸ್ಬಾರ್ದು ಅಂತ ಕಾನೂನೇ ಉಂಟು, ನಾನಂತೂ ಗೋಡೌನಿನ ಒಳಗೆ.

ಈಗ ಕಣ್ಣಿನ ವಿಷಯ. ಪೊರೆ ಹಣ್ಣಾಗ್ಲಿ, ಮಳೆಗಾಲ ಮುಗೀಲಿ ಅಂತ ದೊಡ್ಡಪ್ಪ ಹೇಳಿದ್ದು ಹಿಂದಿನ ಕಾಲದ ಮಾತಮ್ಮ. ಈಗ ಹಾಗೆ ಕಾಯುದಿಲ್ಲ, ತುಂಬ ಗಟ್ಟಿಯಾದ್ರೆ ತೆಗೀಲಿಕ್ಕೇ ಕಷ್ಟ. ಮಸುಕಾದ ಲೆನ್ಸ್ ತೆಗೆದು ಬೇರೆ ಹಾಕ್ತಾರೆ, ಹೆಚ್ಚಾಗಿ ಅದೇ ದಿನ ಮನೆಗೆ. ಶುಗರ್ ಮಾತ್ರ ಮೊದ್ಲೇ ಟೆಸ್ಟ್ ಮಾಡಿಸಿ, ಮಾತ್ರೆ ತಪ್ಪಿಸ್ಲಿಕ್ಕೆ ಬಿಡ್ಬೇಡ. ಆಮೇಲೆ ಡಾಕ್ಟ್ರು ಹೇಳುವ ತನಕ ಕಣ್ಣಿಗೆ ನೀರು ತಾಗ್ಬಾರ್ದು, ಡ್ರಾಪ್ಸ್ ಸರಿಯಾಗಿ ಬಿಡ್ಬೇಕು, ತೋಟಕ್ಕೆ ಇಳಿಯುದು ಬೇಡವೇ ಬೇಡ. ಅಡಿಕೆ ಹೆಕ್ಕುದು ಆಳುಗಳು ನೋಡ್ಕೊಳ್ಳಲಿ. ದುಡ್ಡು ಬ್ಯಾಂಕಿಗೆ ಹಾಕಿದ್ದೇನೆ, ಸಾಲ ಮಾಡಿ ಅಲ್ಲ, ನನ್ನ ಖರ್ಚು ಕಳೆದು ಉಳಿದದ್ದು. ನೀನು ಬಳೆ ಅಡವಿಡುವ ಮಾತು ಇನ್ನೊಮ್ಮೆ ಎತ್ಬೇಡ. ನಂಗೆ ಇಲ್ಲಿ ಏನೂ ಕಮ್ಮಿ ಇಲ್ಲ, ಖಂಡಿತ ಇಲ್ಲ, ತೂಕ ಕೂಡ ಜಾಸ್ತಿಯಾಗಿದೆ.

ಅಪ್ಪನಿಗೆ ಇದನ್ನು ಪುಟ್ಟಿ ಹತ್ರ ಗಟ್ಟಿಯಾಗಿ ಓದಿಸು. ಡ್ಯೂಟಿ ಗಾಡಿ ಹಾರ್ನ್ ಹಾಕ್ತಾ ಉಂಟು, ಡೇಟ್ ಸಿಕ್ಕಿದ ಕೂಡ್ಲೇ ಮಿಸ್ ಕಾಲ್ ಕೊಡು, ನಾನೇ ಮಾಡ್ತೇನೆ.

ಇಂತಿ ನಿನ್ನ ಮಗ