ಸ್ಕ್ರಮ್ ಮಾಸ್ಟರ್‌ಗೆ ಸಂಬಳ ಯಾಕೆ?

ಮಾನ್ಯ ಸಂಪಾದಕರೇ,

ಯುಗಾದಿಗೆ ತಿಪಟೂರಿಗೆ ಹೋಗಿದ್ದಾಗ, ನಮ್ಮ ಟೀಮಿನ ಸ್ಕ್ರಮ್ ಮಾಸ್ಟರ್ ಕೆಲಸ ಹೋಯಿತು ಎಂದು ಅಪ್ಪನಿಗೆ ಹೇಳಿದೆ. ‘ಅಂದ್ರೆ ಮೇಸ್ತ್ರಿನಾ?’ ಎಂದರು. ಅಲ್ಲಪ್ಪ, ಮೇಸ್ತ್ರಿ ಬಟವಾಡೆ ಮಾಡ್ತಾನೆ, ಬೈತಾನೆ, ನಾಳೆಯಿಂದ ಬರಬೇಡ ಅಂತಾನೆ, ಇವರಿಗೆ ಆ ಅಧಿಕಾರ ಯಾವುದೂ ಇಲ್ಲ ಎಂದೆ. ‘ಕೋಡ್ ಬರೀತಾರಾ?’ ಇಲ್ಲ. ‘ನಿನ್ನ ಥರ ಟೆಸ್ಟ್ ಮಾಡ್ತಾರಾ?’ ಅದೂ ಇಲ್ಲ. ‘ಮತ್ತೆ ಸಂಬಳ ಯಾಕೆ ಕೊಡ್ತಿದ್ರು?’ ಏನೋ ಒಂದು ಹೇಳಿ, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಸರಿಯಾದ ಉತ್ತರ ಹೊಳೆದದ್ದು ವಾಪಸ್ ಬರುವಾಗ ಬಸ್ಸಿನಲ್ಲಿ.

ನಾನು ಬೆಂಗಳೂರಿನ ಔಟರ್ ರಿಂಗ್ ರೋಡ್‌ನ ಒಂದು ಕಂಪನಿಯಲ್ಲಿ ಟೆಸ್ಟರ್. ಒಂಬತ್ತು ಜನರ ಟೀಮ್. ಬಿಲ್ ಕಟ್ಟುವ ಆ್ಯಪ್ ಮಾಡುತ್ತೇವೆ. ಎರಡು ವಾರಕ್ಕೊಂದು ಸ್ಪ್ರಿಂಟ್ (ಕೆಲಸದ ಒಂದು ಕಂತು), ದಿನಾ ಬೆಳಿಗ್ಗೆ ಸ್ಟ್ಯಾಂಡಪ್ (ಚಿಕ್ಕ ಸಭೆ), ಸ್ಪ್ರಿಂಟ್ ಮುಗಿದಾಗ ರೆಟ್ರೋ (ಏನು ಸರಿ ಹೋಯಿತು, ಏನು ಹೋಗಲಿಲ್ಲ ಎಂದು ಮಾತಾಡುವ ಸಭೆ). ಸಾಫ್ಟ್‌ವೇರ್‌ನಲ್ಲಿರುವವರಿಗೆ ಇದು ಗೊತ್ತಿರುವುದೇ. ಗೊತ್ತಿಲ್ಲದವರಿಗೆ: ಸ್ಕ್ರಮ್ ರಗ್ಬಿ ಆಟದ ಮಾತು, ಎರಡೂ ಕಡೆಯವರು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವುದು. ಕೆನ್ ಶ್ವೇಬರ್, ಜೆಫ್ ಸದರ್‌ಲ್ಯಾಂಡ್ ಎಂಬಿಬ್ಬರು 1995ರಲ್ಲಿ ಸಾಫ್ಟ್‌ವೇರ್ ಮಾಡುವ ಆ ಹೆಸರಿನ ಪದ್ಧತಿಯನ್ನು ಅಮೆರಿಕದ ಒಂದು ಸಮ್ಮೇಳನದಲ್ಲಿ ಮಂಡಿಸಿದರು. ಅವರು ಬರೆದ ಸ್ಕ್ರಮ್ ಗೈಡ್ ಕೆಲವೇ ಪುಟದ್ದು. ಟೀಮಿನಲ್ಲಿ ಸಾಮಾನ್ಯವಾಗಿ ಹತ್ತು ಜನ ಮೀರಬಾರದು, ದಿನದ ಸಭೆ 15 ನಿಮಿಷ ದಾಟಬಾರದು, ಅದು ಕೆಲಸ ಮಾಡುವವರಿಗಾಗಿ ಇರುವ ಸಭೆ ಎಂದೆಲ್ಲ ಅದರಲ್ಲಿದೆ. ಟೀಮಿನ ದಾರಿಗೆ ಅಡ್ಡ ಬಂದದ್ದನ್ನು (ನಾವು ಬ್ಲಾಕರ್ ಅನ್ನುತ್ತೇವೆ) ತೆಗೆಸುವುದು ಸ್ಕ್ರಮ್ ಮಾಸ್ಟರ್ ಕೆಲಸ.

ಓದಲು ಚೆನ್ನಾಗಿದೆ. ಆದರೆ ಎರಡು ದಿನದ ತರಬೇತಿ, ಒಂದು ಸಣ್ಣ ಪರೀಕ್ಷೆ ಮುಗಿಸಿ ಸರ್ಟಿಫಿಕೇಟ್ ತಂದು, ‘ಜಿರಾ (ಯಾರ ಕೆಲಸ ಎಲ್ಲಿಗೆ ಬಂತು ಎಂದು ಬರೆದಿಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ರಾ?’ ಎಂದು ಕೇಳುವುದನ್ನೇ ಕಸುಬು ಮಾಡಿಕೊಂಡವರನ್ನೂ ನಾನು ನೋಡಿದ್ದೇನೆ. ಹಿಂದಿನ ಕಂಪನಿಯಲ್ಲಿ ಒಬ್ಬರಿದ್ದರು. ಆ ಟೀಮ್ 40 ಪಾಯಿಂಟ್ ಮುಗಿಸಿತು, ನೀವ್ಯಾಕೆ 28, ಎಂದು ಪ್ರತಿ ಸಲ ಬೋರ್ಡ್ ತೋರಿಸುತ್ತಿದ್ದರು. ಪಾಯಿಂಟ್ ಅಂದರೆ ಕೆಲಸ ಎಷ್ಟು ದೊಡ್ಡದು ಎಂದು ಟೀಮಿನವರೇ ಹಾಕುವ ಅಂದಾಜು. ಮುಂದಿನ ಸ್ಪ್ರಿಂಟಿಗೆ ನಾವೂ 40 ಮಾಡಿದೆವು. ಕೆಲಸ ಅಷ್ಟೇ, ಅಂದಾಜು ಮಾತ್ರ ಉಬ್ಬಿಸಿದ್ದೆವು! ಅಂಥವರ ಹುದ್ದೆ ಹೋದರೆ ನಾನಂತೂ ಅಳುವುದಿಲ್ಲ. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕ್ 2023ರ ಜನವರಿಯಲ್ಲಿ ಈ ಥರದ 1,100ಕ್ಕೂ ಹೆಚ್ಚು ಹುದ್ದೆಗಳನ್ನು ಒಂದೇ ಸಲಕ್ಕೆ ತೆಗೆದಾಗ, ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ‘ಒಳ್ಳೇದಾಯ್ತು ಬಿಡಿ’ ಎಂದವರಲ್ಲಿ ನಾನೂ ಒಬ್ಬಳು.

ಆಮೇಲೆ ನಮ್ಮ ಟೀಮಿಗೆ ಇವರು, ಈಗ ಕೆಲಸ ಕಳೆದುಕೊಂಡ ಸ್ಕ್ರಮ್ ಮಾಸ್ಟರ್, ಬಂದರು. ಧಾರವಾಡದ ಕಡೆಯವರು. ಬಂದ ಎರಡನೇ ವಾರವೇ ಮ್ಯಾನೇಜರ್ ಹತ್ತಿರ ಹೋಗಿ, ರೆಟ್ರೋಗೆ ನೀವು ಬರಬೇಡಿ ಎಂದು ನಗುತ್ತಲೇ ಹೇಳಿದರಂತೆ. ನಮಗೆಲ್ಲ ಎದೆ ಧಸಕ್ಕೆಂದಿತ್ತು.

ಒಂದು ಶುಕ್ರವಾರದ ರೆಟ್ರೋ. ಏನು ಸರಿ ಹೋಗಲಿಲ್ಲ ಎಂದು ಎಲ್ಲರೂ ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಸಿಂದಗಿ ಕಡೆಯ ಹುಡುಗನೊಬ್ಬ ಹೊಸದಾಗಿ ಸೇರಿದ್ದ. ಚೀಟಿಯಲ್ಲಿ ಇಂಗ್ಲಿಷಿನ ಅರ್ಧ ವಾಕ್ಯ ಬರೆದು, ಹೊಡೆದು ಹಾಕಿ, ಮಡಚಿ ಅಂಗೈಯಲ್ಲಿ ಇಟ್ಟುಕೊಂಡಿದ್ದ. ಪಕ್ಕದಲ್ಲಿದ್ದ ನನಗೆ ಅದು ಕಾಣಲಿಲ್ಲ. ಇವರಿಗೆ ಕಂಡಿತು. ‘ಕನ್ನಡದಾಗ ಹೇಳಪಾ, ನಾ ಇವರಿಗೆ ತಿಳಿಸಿ ಹೇಳ್ತೀನಿ’ ಎಂದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಸರ್ವರ್ ಉತ್ತರ ಕೊಡೋದು ತಡಾ ಆದ್ರ ಆ್ಯಪ್ ಮತ್ತೊಮ್ಮೆ ರಿಕ್ವೆಸ್ಟ್ ಕಳಿಸ್ತೈತ್ರಿ. ರೊಕ್ಕಾ ಎರಡು ಸಲ ಕಟ್ ಆಗ್ತೈತಿ.’

ಅವನಿಗೆ ಇದು ಎರಡು ವಾರದಿಂದ ಗೊತ್ತಿತ್ತು. ಆ ಕೋಡ್ ಬರೆದವರು ಮ್ಯಾನೇಜರ್. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಸೋಮವಾರ ನೆಟ್‌ವರ್ಕ್ ಬೇಕೆಂದೇ ನಿಧಾನ ಮಾಡಿ ಟೆಸ್ಟ್ ಮಾಡಿದೆ. ಒಂದೇ ಕರೆಂಟ್ ಬಿಲ್, ಎರಡು ಸಲ ದುಡ್ಡು ಹೋಯಿತು. 15 ವರ್ಷ ಟೆಸ್ಟಿಂಗ್ ಮಾಡಿದವಳಿಗೆ ಎಷ್ಟು ನಾಚಿಕೆಯಾಗಿರಬೇಕು ಹೇಳಿ. ಆ್ಯಪ್ ಜನರ ಕೈಗೆ ಹೋಗಲು ಇನ್ನು ಆರು ದಿನ ಇತ್ತು.

ಅಪ್ಪನಿಗೆ ನಾನು ಹೇಳಬೇಕಿದ್ದದ್ದು ಇದೇ. ಅವರು ಮೇಸ್ತ್ರಿ ಆಗಿರಲಿಲ್ಲ, ಅದಕ್ಕೇ ಅವರ ಮುಂದೆ ಹುಡುಗ ಬಾಯಿ ಬಿಟ್ಟ. ನಮ್ಮ ಕೆಲಸ ಅಳೆದು ಸಂಬಳ ನಿರ್ಧರಿಸುವ ಅಪ್ರೈಸಲ್ ಬರೆಯುವ ಪೆನ್ನು ಅವರ ಕೈಯಲ್ಲಿರಲಿಲ್ಲ. ಇನ್ನೊಮ್ಮೆ, ಟೆಸ್ಟ್ ಸರ್ವರ್‌ಗೆ ಫೈರ್‌ವಾಲ್ (ನೆಟ್‌ವರ್ಕಿನ ಕಾವಲು ಗೋಡೆ) ತೆರೆಸಲು ನಾನು ಟಿಕೆಟ್ (ಕಂಪ್ಯೂಟರಿನಲ್ಲಿ ಹಾಕುವ ಮನವಿ) ಹಾಕಿ 11 ದಿನ ಕಾದಿದ್ದೆ. ಇವರು ನಾಲ್ಕನೇ ಮಹಡಿಗೆ ಹೋಗಿ, ಆ ವಿಭಾಗದವರ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಮಧ್ಯಾಹ್ನದ ಹೊತ್ತಿಗೆ ಕೆಲಸ ಆಯಿತು. ಇಂಥದ್ದಕ್ಕೆಲ್ಲ ಯಾವ ರಿಪೋರ್ಟಿನಲ್ಲೂ ಕಾಲಂ ಇಲ್ಲ. ಖರ್ಚು ಕಡಿಮೆ ಮಾಡುವಾಗ ಮೊದಲು ಅವರ ಹೆಸರೇ ಬಂತು.

ಹುದ್ದೆ ಬೇಡ ಎನಿಸಿದರೆ ಕಂಪನಿಗಳು ತೆಗೆಯಲಿ. ಅವರ ದುಡ್ಡು, ಅವರ ಲೆಕ್ಕ. ಆದರೆ ಆ ಕೆಲಸವನ್ನು ತಂದು ಮ್ಯಾನೇಜರ್ ಕೈಗೆ ಕೊಡುತ್ತಾರಲ್ಲ, ಅದಕ್ಕೆ ನನ್ನ ತಕರಾರು. ಟೀಮಿನವರೇ ಒಬ್ಬೊಬ್ಬರಾಗಿ ಸರದಿ ಮೇಲೆ ಮಾಡಲಿ. ಬೇಕಾದರೆ ಎರಡು ಮೂರು ಟೀಮಿಗೆ ಒಬ್ಬರೇ ಸ್ಕ್ರಮ್ ಮಾಸ್ಟರ್ ಇರಲಿ. ಸಂಬಳ ಹೆಚ್ಚಿಸುವ, ಇಳಿಸುವ ಮನುಷ್ಯ ಮಾತ್ರ ಬೇಡ.

ಅವರು ಹೋಗಿ ನಾಲ್ಕು ತಿಂಗಳಾಯಿತು. ಈಗ ಸ್ಟ್ಯಾಂಡಪ್ ನಡೆಸುವವರು ಮ್ಯಾನೇಜರ್. 15 ನಿಮಿಷದ್ದು 40 ನಿಮಿಷ ಆಗಿದೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಎಲ್ಲರೂ ಅವರನ್ನೇ ನೋಡಿಕೊಂಡು ಒಪ್ಪಿಸುತ್ತೇವೆ. ಸಿಂದಗಿ ಹುಡುಗನ ಇಂಗ್ಲಿಷ್ ಈಗ ಎಷ್ಟೋ ಸುಧಾರಿಸಿದೆ. ದಿನಾ ಬೆಳಿಗ್ಗೆ, ಒಂದು ಕಡೆಯೂ ತಡವರಿಸದೆ, ‘ನೋ ಬ್ಲಾಕರ್ಸ್ ಫ್ರಮ್ ಮೈ ಸೈಡ್’ ಅನ್ನುತ್ತಾನೆ.

ಇತಿ,
ಒಬ್ಬ ಟೆಸ್ಟರ್, ವಿಜಯನಗರ, ಬೆಂಗಳೂರು
(ದಯವಿಟ್ಟು ಹೆಸರು ಹಾಕಬೇಡಿ. ಅಪ್ರೈಸಲ್ ಮುಂದಿನ ತಿಂಗಳು.)